ಅಂಚೆಯ ಮೊಟ್ಟೆಗೆ ಮನೆಯ ಕಾವು

ಅಂಗಡಿಯಿಂದ ತಂದ ಮೊಟ್ಟೆಗೆ ಎಷ್ಟು ದಿನ ಕಾವು ಕೊಟ್ಟರೂ ಮರಿಯಾಗುವುದಿಲ್ಲವೆಂಬುದು ಹಳ್ಳಿಯಲ್ಲಿ ಬೆಳೆದವರಿಗೆ ತಿಳಿದ ಮಾತು. ಪಟ್ಟಣದಲ್ಲಿ ಬೆಳೆದ ನಮ್ಮ ಸಹಪಾಠಿಗಳಲ್ಲಿ ಅನೇಕರಿಗೆ ಇದು ಹೊಸ ಸಂಗತಿ. ಅಂಗಡಿಯ ಬಿಳಿಯ ಮೊಟ್ಟೆ ಹುಂಜದ ಸಂಪರ್ಕವೇ ಇಲ್ಲದ ಪಂಜರದ ಹೇಂಟೆಯದು. ಹುಂಜವಿಲ್ಲದಿದ್ದರೂ ಹೇಂಟೆ ಮೊಟ್ಟೆಯಿಡುತ್ತದೆ. ಆದರೆ ಆ ಮೊಟ್ಟೆಯಲ್ಲಿ ಜೀವಾಂಕುರವಿರುವುದಿಲ್ಲ. ಅದು ಗೊಡ್ಡು ಮೊಟ್ಟೆ. ಮರಿ ಬೇಕೆನ್ನುವವರು ಹುಂಜವಿರುವ ಹಿಂಡಿನ ಮೊಟ್ಟೆಯನ್ನೇ ತರಬೇಕು. ಈಚೆಗೆ ಇಂತಹ ಮೊಟ್ಟೆಗಳು ದೂರದ ಜಿಲ್ಲೆಗಳಿಂದ ಪಾರ್ಸೆಲ್ಲಿನ ಮೂಲಕ ನಗರದ ಮನೆಗಳಿಗೆ ಬರತೊಡಗಿವೆ. ಅವಕ್ಕೆ ಮನೆಯಲ್ಲಿ ಕಾವು ಕೊಟ್ಟು ಮರಿ ಮಾಡಿಸುವ ಕ್ರಮವೇನು, ಅದರಲ್ಲಿ ಕೈಗೆ ಹತ್ತುವುದೆಷ್ಟು, ಹೋಗುವುದೆಷ್ಟು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನಾನು ಬಿ. ಎ. ತರಗತಿಯವಳು, ವಿಜ್ಞಾನದ ವಿದ್ಯಾರ್ಥಿನಿಯಲ್ಲ. ಆದರೆ ಈ ವಿಷಯ ನಮ್ಮ ಮನೆಯ ಆದಾಯಕ್ಕೆ ಸೇರಿದ್ದು. ನಮ್ಮ ಮನೆಯಿರುವುದು ಕೆಂಗೇರಿಯಲ್ಲಿ. ಒಂದು ಕಾಲಕ್ಕೆ ಬೆಂಗಳೂರಿನ ಹೊರಗಿನ ಊರಾಗಿದ್ದ ಕೆಂಗೇರಿಗೆ ೨೦೨೧ರಲ್ಲಿ ಮೆಟ್ರೋ ರೈಲೂ ಬಂದಿತು. ಊರು ನಗರವಾದರೂ ನಮ್ಮ ಹಿತ್ತಲಲ್ಲಿ ನಾಲ್ಕು ನಾಟಿ ಹೇಂಟೆಗಳು ಉಳಿದಿವೆ. ಹುಂಜ ಮಾತ್ರ ಇಲ್ಲ. ಅದು ನಸುಕಿನಲ್ಲಿ ಕೂಗುವುದು ಅಕ್ಕಪಕ್ಕದವರಿಗೆ ಸಹಿಸದಾಯಿತು. ಆದುದರಿಂದ ನಮ್ಮ ಹೇಂಟೆ ಕಾವಿಗೆ ಕೂತರೂ ತನ್ನ ಗೊಡ್ಡು ಮೊಟ್ಟೆಗಳ ಮೇಲೆ ವೃಥಾ ಕೂತಿರಬೇಕಾಗುತ್ತದೆ. ಹಳ್ಳಿಗಳಲ್ಲಿ ಕೋಳಿಯ ದುಡ್ಡು ಹೆಂಗಸರ ದುಡ್ಡು. ಸಾಸಿವೆ ಡಬ್ಬಿಯಲ್ಲಿ ಸೇರುವ ಆ ಹಣಕ್ಕೆ ಯಾರೂ ಲೆಕ್ಕ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ನನ್ನ ಪರೀಕ್ಷೆಯ ಶುಲ್ಕ ಎರಡು ಸಲ ಆ ಡಬ್ಬಿಯಿಂದಲೇ ಬಂದಿದೆ. ಅವ್ವನ ಹಣದಿಂದ ಮೊಟ್ಟೆ ತರಿಸುವುದಾದರೆ, ಓದಿದವಳು ಮೊದಲು ವಿಷಯವನ್ನು ಅರಿತು ಲೆಕ್ಕ ಹಾಕಬೇಕಷ್ಟೆ.

ಜೀವವಿರುವ ಮೊಟ್ಟೆ ದಿನಗಟ್ಟಲೆ ಪ್ರಯಾಣ ಮಾಡುವುದು ಹೇಗೆ ಸಾಧ್ಯ? ಮೊಟ್ಟೆ ಹೊರಬೀಳುವ ಮೊದಲೇ ತಾಯಿಯ ದೇಹದ ಶಾಖದಲ್ಲಿ ಭ್ರೂಣ ಬೆಳೆಯಲಾರಂಭಿಸಿರುತ್ತದೆ. ಹೊರಬಿದ್ದು ತಣ್ಣಗಾದೊಡನೆ ಆ ಬೆಳವಣಿಗೆ ನಿಲ್ಲುತ್ತದೆ. ಜೀವ ಸಾಯುವುದಿಲ್ಲ, ನಿದ್ರಿಸುತ್ತದೆ. ಮತ್ತೆ ಕಾವು ದೊರೆತಾಗ ನಿಂತಲ್ಲಿಂದ ಮುಂದುವರಿಯುತ್ತದೆ. ಹೇಂಟೆ ಹತ್ತು ಹನ್ನೆರಡು ದಿನ ದಿನಕ್ಕೊಂದರಂತೆ ಇಟ್ಟು, ಎಲ್ಲಕ್ಕೂ ಒಟ್ಟಿಗೆ ಕಾವು ಕೊಟ್ಟು, ಎಲ್ಲ ಮರಿಗಳನ್ನೂ ಹೆಚ್ಚುಕಡಿಮೆ ಒಂದೇ ದಿನ ಹೊರತರುವುದು ಈ ನಿದ್ರೆಯ ಬಲದಿಂದ. ಅಂಚೆಯ ಮೊಟ್ಟೆಯೂ ಇದೇ ನಿದ್ರೆಯಲ್ಲಿ ಪ್ರಯಾಣ ಮಾಡುತ್ತದೆ.

ಆದರೆ ಈ ನಿದ್ರೆಗೂ ಮಿತಿಯಿದೆ. ಇಟ್ಟು ಏಳು ದಿನ ಕಳೆದ ಮೇಲೆ ಮರಿಯಾಗುವ ಶಕ್ತಿ ದಿನೇ ದಿನೇ ಕುಗ್ಗುತ್ತದೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕಾದ ವಾಹನದೊಳಗೆ ಭ್ರೂಣ ಅರೆಬರೆ ಎಚ್ಚರಗೊಂಡು, ಸಾಕಷ್ಟು ಕಾವಿಲ್ಲದೆ ದುರ್ಬಲವಾಗಿ ಸಾಯುವುದುಂಟು. ಮೂರನೆಯ ಅಪಾಯ ಕುಲುಕಾಟ. ಮೊಟ್ಟೆಯ ದಪ್ಪ ತುದಿಯಲ್ಲಿ, ಎರಡು ಪೊರೆಗಳ ನಡುವೆ, ಗಾಳಿಯ ಚಿಕ್ಕ ಕೋಣೆಯೊಂದಿದೆ. ಮರಿಯ ಮೊದಲ ಉಸಿರಿಗೆ ಆಧಾರ ಅದೇ. ದಾರಿಯ ಹೊಡೆತಕ್ಕೆ ಆ ಪೊರೆ ಸಡಿಲಿ ಗಾಳಿಕೋಣೆ ಅತ್ತಿತ್ತ ಜಾರುತ್ತದೆ. ಓಡು ಒಡೆದ ಮೊಟ್ಟೆ ಕಣ್ಣಿಗೆ ಕಾಣುತ್ತದೆ; ಒಳಗೆ ನೊಂದ ಮೊಟ್ಟೆ ಕಾಣುವುದಿಲ್ಲ. ಆದ್ದರಿಂದ ಪಾರ್ಸೆಲ್ ಬಿಚ್ಚಿದೊಡನೆ ಕಾವಿಗೆ ಇಡಬಾರದು. ಚೂಪು ತುದಿ ಕೆಳಗೆ, ದಪ್ಪ ತುದಿ ಮೇಲೆ ಬರುವಂತೆ ತಟ್ಟೆಯಲ್ಲಿ ನಿಲ್ಲಿಸಿ, ೧೨ರಿಂದ ೨೪ ಗಂಟೆ ತಣ್ಣನೆಯ ನೆರಳಿನಲ್ಲಿ ಅಲುಗಿಸದೆ ಬಿಡಬೇಕು. ಮೊಟ್ಟೆಯನ್ನು ತೊಳೆಯಲೂ ಬಾರದು. ಓಡಿನಲ್ಲಿ ಸಾವಿರಾರು ಸೂಕ್ಷ್ಮ ರಂಧ್ರಗಳಿವೆ. ತೊಳೆದರೆ ಮೇಲಿನ ರಕ್ಷಣೆಯ ಪದರ ಹೋಗಿ ಕೊಳೆ ಒಳಗಿಳಿಯುತ್ತದೆ.

ಇನ್ನು ಕಾವಿನ ವಿಚಾರ. ಕಾವಿಗೆ ಕೂತ ಹೇಂಟೆ ಸುಮ್ಮನೆ ಕೂತಿದೆಯೆಂದು ನಾವು ಭಾವಿಸುತ್ತೇವೆ. ವಾಸ್ತವವಾಗಿ ಅದು ನಾಲ್ಕು ಕೆಲಸಗಳನ್ನು ಮಾಡುತ್ತಿರುತ್ತದೆ. ಎದೆಯ ಪುಕ್ಕ ಉದುರಿಸಿಕೊಂಡು ಬರಿ ಮೈಯ ಶಾಖವನ್ನು ಮೊಟ್ಟೆಗೆ ತಗುಲಿಸುವುದು ಒಂದು. ಮೈಯ ತೇವದಿಂದ ಮೊಟ್ಟೆ ಅತಿಯಾಗಿ ಒಣಗದಂತೆ ಕಾಯುವುದು ಎರಡು. ಕೊಕ್ಕಿನಿಂದ ಮತ್ತೆ ಮತ್ತೆ ಹೊರಳಿಸುವುದು ಮೂರು. ದಿನಕ್ಕೊಮ್ಮೆ ಮೇವು ನೀರಿಗೆಂದು ಸ್ವಲ್ಪ ಹೊತ್ತು ಎದ್ದು ಹೋಗಿ ಹೊಸ ಗಾಳಿಗೆ ಅವಕಾಶ ಕೊಡುವುದು ನಾಲ್ಕು. ಮನುಷ್ಯ ಮಾಡಿದ ಯಾವ ಕಾವುಪೆಟ್ಟಿಗೆಯಾದರೂ ಈ ನಾಲ್ಕನ್ನೂ ನಡೆಸಬೇಕು. ಒಂದು ತಪ್ಪಿದರೂ ಉಳಿದ ಮೂರು ವ್ಯರ್ಥ.

ಮನೆಯ ಪೆಟ್ಟಿಗೆಗೆ ಹೆಚ್ಚು ಖರ್ಚಿಲ್ಲ. ದಪ್ಪನೆಯ ಥರ್ಮೋಕೋಲ್ ಡಬ್ಬ, ಒಂದು ಬಲ್ಬು, ಚಿಕ್ಕ ಫ್ಯಾನು, ಶಾಖ ಏರಿದಾಗ ಬಲ್ಬನ್ನು ತಾನೇ ಆರಿಸುವ ಥರ್ಮೋಸ್ಟಾಟ್, ನೀರಿನ ಬಟ್ಟಲು—ಇಷ್ಟು ಸಾಕು. ಫ್ಯಾನಿರುವ ಪೆಟ್ಟಿಗೆಯಲ್ಲಿ ಉಷ್ಣತೆ ೩೭.೫ ಡಿಗ್ರಿ ಸೆಂಟಿಗ್ರೇಡ್ ಇರಬೇಕು. ಫ್ಯಾನಿಲ್ಲದಿದ್ದರೆ ಬಿಸಿಗಾಳಿ ಮೇಲೆ ನಿಲ್ಲುವುದರಿಂದ ಮೊಟ್ಟೆಯ ಮೇಲ್ಭಾಗದಲ್ಲಿ ಅಳೆದಾಗ ೩೮.೫ರಿಂದ ೩೯ ಡಿಗ್ರಿ ಬೇಕು. ಒಂದು ಡಿಗ್ರಿ ಕಡಮೆಯಾದರೆ ಮರಿ ತಡವಾಗಿ ಬಂದೀತು. ಹೆಚ್ಚಾದರೆ ಬೇಗ ಸತ್ತೀತು. ತೇವಾಂಶ ಮೊದಲ ೧೮ ದಿನ ನೂರಕ್ಕೆ ೫೦ರಿಂದ ೫೫, ಕೊನೆಯ ೩ ದಿನ ೬೫ರಿಂದ ೭೦. ಈ ತೇವಕ್ಕೆ ಅರ್ಥವಿದೆ. ೫೦ ಗ್ರಾಮಿನ ಮೊಟ್ಟೆ ೧೮ ದಿನಗಳಲ್ಲಿ ಸುಮಾರು ೬ ಗ್ರಾಂ ನೀರನ್ನು ಕಳೆದುಕೊಂಡರೆ ಗಾಳಿಕೋಣೆ ಸರಿಯಾದ ಗಾತ್ರಕ್ಕೆ ಬೆಳೆಯುತ್ತದೆ. ಅದಕ್ಕಿಂತ ಹೆಚ್ಚು ಒಣಗಿದರೆ ಮರಿ ಪೊರೆಗೆ ಅಂಟಿಕೊಳ್ಳುತ್ತದೆ. ಒಣಗದಿದ್ದರೆ ಉಸಿರಿಗೆ ಸ್ಥಳವಿಲ್ಲದಂತಾಗುತ್ತದೆ.

ಹೊರಳಿಸುವುದಕ್ಕೆ ಅನುಕೂಲವಾಗಲೆಂದು ಮೊಟ್ಟೆಯ ಒಂದು ಮಗ್ಗುಲಿಗೆ ಪೆನ್ಸಿಲಿನಿಂದ ಗುಣಾಕಾರ ಚಿಹ್ನೆಯನ್ನೂ ಇನ್ನೊಂದಕ್ಕೆ ಸೊನ್ನೆಯನ್ನೂ ಬರೆಯಬೇಕು. ದಿನಕ್ಕೆ ಮೂರು ಅಥವಾ ಐದು ಸಲ ಹೊರಳಿಸಬೇಕು. ಬೆಸ ಸಂಖ್ಯೆಯೇ ಏಕೆಂದರೆ, ಒಂದು ರಾತ್ರಿ ಕೆಳಗಿದ್ದ ಮಗ್ಗುಲು ಮರುರಾತ್ರಿ ಮೇಲಾಗುತ್ತದೆ. ಹೊರಳಿಸದ ಮೊಟ್ಟೆಯಲ್ಲಿ ಭ್ರೂಣ ಓಡಿನ ಒಳಪೊರೆಗೆ ಕಚ್ಚಿಕೊಂಡು ಸಾಯುತ್ತದೆ. ೧೮ನೆಯ ದಿನದಿಂದ ಹೊರಳಿಸುವುದನ್ನು ನಿಲ್ಲಿಸಬೇಕು; ಆಗ ಮರಿ ಹೊರಬರಲು ಸರಿಯಾದ ಭಂಗಿಗೆ ತಿರುಗಿಕೊಳ್ಳುತ್ತಿರುತ್ತದೆ.

ಒಳಗೆ ನಡೆಯುವುದನ್ನು ಬೆಳಕಿನ ಸಹಾಯದಿಂದ ನೋಡಬಹುದು. ಏಳನೆಯ ರಾತ್ರಿ ಕತ್ತಲ ಕೋಣೆಯಲ್ಲಿ ಮೊಟ್ಟೆಯ ದಪ್ಪ ತುದಿಗೆ ಟಾರ್ಚು ಹಿಡಿದರೆ, ಜೇಡರಬಲೆಯಂತೆ ಹರಡಿದ ಕೆಂಪು ನಾಳಗಳೂ ನಡುವೆ ಅಲುಗುವ ಕಪ್ಪು ಚುಕ್ಕೆಯೂ ಕಾಣುತ್ತವೆ. ಗೊಡ್ಡು ಮೊಟ್ಟೆ ಮೊದಲಿದ್ದಂತೆಯೇ ತಿಳಿಯಾಗಿರುತ್ತದೆ. ಕೆಂಪು ಉಂಗುರ ಮಾತ್ರ ಕಂಡರೆ ಜೀವ ಹುಟ್ಟಿ ಅಳಿಯಿತೆಂದು ತಿಳಿಯಬೇಕು. ಮೂರನೆಯ ದಿನದ ಮೊಟ್ಟೆಯಲ್ಲಿ ಹೃದಯವು ರಕ್ತದ ಚುಕ್ಕೆಯಂತೆ ಮಿಡಿಯುವುದನ್ನು ಗ್ರೀಕ್ ತತ್ತ್ವಜ್ಞಾನಿ ಅರಿಸ್ಟಾಟಲನು ಎರಡು ಸಾವಿರ ವರ್ಷಗಳಿಗೂ ಹಿಂದೆ ಬರೆದಿಟ್ಟಿದ್ದಾನೆ. ಈಜಿಪ್ಟಿನವರು ಮೊಟ್ಟೆಗಳನ್ನು ಗೊಬ್ಬರದ ಬಿಸಿಯಲ್ಲಿ ಹೂತು ಮರಿ ಮಾಡಿಸುತ್ತಿದ್ದುದನ್ನೂ ಅವನೇ ಹೇಳಿದ್ದಾನೆ. ಅಲ್ಲಿ ಮುಂದೆ ಬಂದ ಕಾವಿನ ಒಲೆಗಳ ಕೆಲಸಗಾರರು ಶಾಖಮಾಪಕವಿಲ್ಲದೆ, ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಶಾಖವನ್ನು ಅಳೆಯುತ್ತಿದ್ದರು. ಇದನ್ನು ಓದಿದಾಗ ನನಗೆ ಆಶ್ಚರ್ಯವಾಯಿತು; ಏಕೆಂದರೆ ಅಕ್ಷರ ಬಾರದ ನಮ್ಮಜ್ಜಿಯೂ ಕಾವಿನ ಮೊಟ್ಟೆಯನ್ನು ರೆಪ್ಪೆಗೇ ಒತ್ತಿ ನೋಡುತ್ತಾಳೆ. ಮೈಯಲ್ಲಿ ಅತ್ಯಂತ ತೆಳುವಾದ ಚರ್ಮ ಅಲ್ಲಿಯದೇ ಅಲ್ಲವೇ?

ಇಪ್ಪತ್ತನೆಯ ದಿನದ ಹೊತ್ತಿಗೆ ಮರಿ ಒಳಪೊರೆಯನ್ನು ತೂತುಮಾಡಿ ಗಾಳಿಕೋಣೆಯಲ್ಲಿ ಉಸಿರಾಡುತ್ತದೆ. ಕಿವಿಯಿಟ್ಟರೆ ಚಿಲಿಪಿಲಿ ಕೇಳಿಸುತ್ತದೆ. ಅನಂತರ ಓಡಿಗೆ ಬಿರುಕು ಬೀಳುತ್ತದೆ. ಬಿರುಕಿನಿಂದ ಬಿಡುಗಡೆಗೆ ಅರ್ಧ ದಿನವೋ ಇನ್ನೂ ಹೆಚ್ಚೋ ಹಿಡಿಯಬಹುದು. ಈ ವೇಳೆ ಕನಿಕರದಿಂದ ಓಡು ಸುಲಿದವರು ಮರಿಯನ್ನು ಕೊಂದಂತೆ. ಪೊರೆಯಲ್ಲಿನ ರಕ್ತವೂ ಹಳದಿ ಲೋಳೆಯೂ ಇನ್ನೂ ಮರಿಯ ಹೊಟ್ಟೆಗೆ ಸೇರುತ್ತಿರುತ್ತವೆ. ಪೆಟ್ಟಿಗೆಯ ಮುಚ್ಚಳವನ್ನೂ ತೆಗೆಯಬಾರದು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಹಕ್ಕಿಗೆ ಸಂಸ್ಕೃತದಲ್ಲಿ ದ್ವಿಜವೆಂಬ ಹೆಸರುಂಟು: ಒಮ್ಮೆ ಮೊಟ್ಟೆಯಾಗಿ, ಮತ್ತೊಮ್ಮೆ ಮರಿಯಾಗಿ ಹುಟ್ಟುವುದು. ಎರಡನೆಯ ಹುಟ್ಟನ್ನು ಅದು ತಾನೇ ಸಾಧಿಸಬೇಕು.

ಹೊಟ್ಟೆಗೆ ಸೇರಿದ ಆ ಹಳದಿಯ ಬಲದಿಂದ ಹೊಸ ಮರಿ ಎರಡು ಮೂರು ದಿನ ಮೇವು ನೀರಿಲ್ಲದೆ ಬದುಕಬಲ್ಲದು. ಹಿಂದೆ ಉಳಿದ ಮೊಟ್ಟೆಗಳು ಒಡೆಯುವವರೆಗೆ ತಾಯಿ ಗೂಡು ಬಿಟ್ಟು ಏಳದಿರಲು ಸಾಧ್ಯವಾಗುವುದು ಇದರಿಂದಲೇ. ಅಮೆರಿಕದ ನ್ಯೂಜೆರ್ಸಿಯ ಜೋಸೆಫ್ ವಿಲ್ಸನ್ ಎಂಬಾತ ೧೮೯೨ರಲ್ಲಿ ಒಂದು ದಿನದ ಮರಿಗಳನ್ನೇ ರೈಲಿನಲ್ಲಿ ದೂರಕ್ಕೆ ಕಳುಹಿಸಿದನು. ೧೯೧೮ರಲ್ಲಿ ಅಲ್ಲಿನ ಅಂಚೆ ಇಲಾಖೆಯೂ ಇದಕ್ಕೆ ಅನುಮತಿ ಕೊಟ್ಟಿತು. ಮೊಟ್ಟೆಗಿಂತ ಮರಿಯೇ ಪ್ರಯಾಣವನ್ನು ತಾಳುತ್ತದೆಂಬ ಈ ಸಂಗತಿಯನ್ನು ಮೊಟ್ಟೆ ಕೊಳ್ಳುವವರು ನೆನಪಿಡಬೇಕು.

ಈಗ ನಮ್ಮ ಮನೆಯ ಲೆಕ್ಕ. ಕಳೆದ ವರ್ಷ ನವೆಂಬರಿನಲ್ಲಿ ದೂರದ ಜಿಲ್ಲೆಯ ಮಾರಾಟಗಾರರೊಬ್ಬರಿಂದ ೧೮ ನಾಟಿ ಮೊಟ್ಟೆ ತರಿಸಿದೆವು. ಮೊಟ್ಟೆಗೆ ೨೫ ರೂಪಾಯಿಯಂತೆ ೪೫೦, ಸಾಗಣೆಗೆ ೧೫೦, ಒಟ್ಟು ೬೦೦ ರೂಪಾಯಿ. ನೂರಕ್ಕೆ ೮೫ ಮರಿಯೆಂದು ಜಾಹೀರಾತು ಹೇಳಿತ್ತು. ಮೂರು ದಾರಿಯಲ್ಲಿಯೇ ಒಡೆದಿದ್ದವು. ಉಳಿದ ೧೫ರಲ್ಲಿ ಎಂಟನ್ನು ಕಾವಿಗೆ ಕೂತ ಹೇಂಟೆಯ ಅಡಿಗೂ ಏಳನ್ನು ಪೆಟ್ಟಿಗೆಯೊಳಕ್ಕೂ ಇಟ್ಟೆವು. ಏಳನೆಯ ರಾತ್ರಿ ಹೇಂಟೆಯವು ಮೂರು, ಪೆಟ್ಟಿಗೆಯವು ಎರಡು ತಿಳಿಯಾಗಿ ಕಂಡವು. ಎರಡು ಕಡೆಯೂ ಐದೈದು ಉಳಿದವು. ಹೇಂಟೆ ಐದನ್ನೂ ಮರಿ ಮಾಡಿತು. ಪೆಟ್ಟಿಗೆಯ ಕಾಲದಲ್ಲಿ ಎರಡು ಸಲ ಕರೆಂಟು ಹೋಗಿ ಕಂಬಳಿ ಹೊದಿಸಿ ಬಿಸಿನೀರಿನ ಬಾಟಲಿ ಇಡಬೇಕಾಯಿತು. ಅದರಲ್ಲಿ ಒಂದು ೧೪ನೆಯ ದಿನಕ್ಕೆ ಸತ್ತಿತ್ತು, ಒಂದು ಓಡು ಬಿರಿದೂ ಹೊರಬರಲಿಲ್ಲ, ಮೂರು ಬಂದವು. ಹದಿನೆಂಟಕ್ಕೆ ಎಂಟು, ಅಂದರೆ ನೂರಕ್ಕೆ ೪೪. ಮರಿಯೊಂದಕ್ಕೆ ೨೫ ರೂಪಾಯಿಯಲ್ಲ, ೭೫ ರೂಪಾಯಿ ಬಿತ್ತು. ಹದ್ದು ಒಂದನ್ನು ಒಯ್ದು, ಎಂಟು ವಾರಕ್ಕೆ ಏಳು ಉಳಿದವು: ನಾಲ್ಕು ಹೇಂಟೆ, ಮೂರು ಹುಂಜ.

ಹದಿನೈದು ಮೊಟ್ಟೆಗಳ ಪರೀಕ್ಷೆಯಿಂದ ಹೇಂಟೆಯೇ ಮೇಲೆಂಬ ಸಿದ್ಧಾಂತ ಕಟ್ಟಲಾಗದು. ಮಾರಾಟಗಾರರ ಮಾತು ಸುಳ್ಳೆಂದೂ ನಾನು ಹೇಳುವುದಿಲ್ಲ. ಅವರ ಹಟ್ಟಿಯಲ್ಲಿಯೇ ಕಾವಿಗಿಟ್ಟಿದ್ದರೆ ಅಷ್ಟು ಮರಿ ಬರುತ್ತಿದ್ದಿರಬಹುದು. ಆದರೆ ದಾರಿಯ ನಷ್ಟ ಕೊಳ್ಳುವವರದೇ. ಜಾಹೀರಾತು ಮೊಟ್ಟೆಯನ್ನು ಎಣಿಸುತ್ತದೆ. ಮನೆಯವರು ಎಂಟು ವಾರದ ಮರಿಯನ್ನು ಎಣಿಸಬೇಕು. ಹಾಗೆ ಎಣಿಸದೆ ಮೊಟ್ಟೆ ಬಂದ ದಿನವೇ ಲಾಭ ಹಾಕುವುದು, ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಲೆಕ್ಕ ಓದಿ ಹೇಳಿದಾಗ ಅವ್ವ, "ಮುಂದಿನ ಸಲ ಆರು ಮೊಟ್ಟೆ ಜಾಸ್ತಿ ತರಿಸೋದು ಬೇಡ ಕಣವ್ವಾ, ಹತ್ತಿರದಿಂದ ತರೋಣ" ಎಂದಳು. ಅದೇ ಸರಿಯಾದ ಅರ್ಥಶಾಸ್ತ್ರವೆಂದು ನನಗೆ ತೋರಿತು.

ಹತ್ತಿರದಲ್ಲಿ ಅನುಕೂಲವೂ ಇದೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಬೆಳೆಸಿ ೧೯೮೯ರಲ್ಲಿ ಬಿಡುಗಡೆಯಾದ ಗಿರಿರಾಜ ಕೋಳಿ ನಮ್ಮ ಹಿತ್ತಲಿಗೆಂದೇ ಮಾಡಿದ ತಳಿ. ಅನಂತರ ಸ್ವರ್ಣಧಾರಾ ಬಂದಿತು. ಇಂತಹ ಸುಧಾರಿತ ತಳಿಗಳಿಗೆ ಕಾವಿಗೆ ಕೂರುವ ಸ್ವಭಾವ ಬಹಳ ಕಡಮೆ. ಅವುಗಳ ಮೊಟ್ಟೆಗೆ ನಾಟಿ ಹೇಂಟೆಯೋ ಪೆಟ್ಟಿಗೆಯೋ ಬೇಕು. ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಸಾಕಣೆಯ ಸಂಸ್ಥೆ ತರಬೇತಿಯನ್ನೂ ಕೊಡುತ್ತದೆ. ಮೊಟ್ಟೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಂದರೂ ಪಾರ್ಸೆಲ್ಲಿನಷ್ಟು ಕುಲುಕುವುದಿಲ್ಲ.

ಮರಿ ಹೊರಬಂದ ಮೇಲಿನ ಕರ್ತವ್ಯವನ್ನೂ ಹೇಳಬೇಕು. ತಾಯಿಯಿಲ್ಲದ ಮರಿಗೆ ಮೊದಲ ವಾರ ಸುಮಾರು ೩೫ ಡಿಗ್ರಿ ಶಾಖ ಬೇಕು; ಅನಂತರ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಹಿಂಡಿಗೆ ಹಿಂಡನ್ನೇ ಒಯ್ಯುವ ರಾಣಿಖೇತ್ ರೋಗಕ್ಕೆ ಮೊದಲ ವಾರದಲ್ಲಿಯೇ ಕಣ್ಣಿಗೆ ಅಥವಾ ಮೂಗಿಗೆ ಲಸಿಕೆಯ ಹನಿ ಹಾಕಿಸಬೇಕು. ದೊಡ್ಡ ಮರಿಕೇಂದ್ರಗಳಲ್ಲಿ ಹುಟ್ಟಿದ ದಿನವೇ ಚುಚ್ಚುವ ಮಾರೆಕ್ಸ್ ರೋಗದ ಲಸಿಕೆ ಮನೆಯ ಮರಿಗೆ ಸಾಮಾನ್ಯವಾಗಿ ದೊರೆಯುವುದಿಲ್ಲ. ೨೦೧೨ರ ಅಕ್ಟೋಬರಿನಲ್ಲಿ, ಎಚ್ಚರಿಕೆಯಿಂದ ನಡೆಯುವ ಹೆಸರಘಟ್ಟದ ಸಂಸ್ಥೆಯಲ್ಲಿಯೇ ಹಕ್ಕಿಜ್ವರ ಕಾಣಿಸಿಕೊಂಡು ಸಾವಿರಾರು ಹಕ್ಕಿಗಳನ್ನು ಕೊಲ್ಲಬೇಕಾಯಿತು. ಹೀಗಿರಲು, ಗೊತ್ತಿಲ್ಲದ ಹಿಂಡಿನಿಂದ ಬಂದುದನ್ನು ಮನೆಯ ಹಳೆಯ ಕೋಳಿಗಳೊಡನೆ ಕೂಡಲೇ ಬೆರೆಸುವುದು ವಿವೇಕವಲ್ಲ.

ಆದುದರಿಂದ ಮೊಟ್ಟೆ ತರಿಸಬೇಕೆನ್ನುವ ಮಿತ್ರರು ಮಾರುವವರನ್ನು ಮೂರು ಮಾತು ಕೇಳಲಿ: ಹತ್ತು ಹೇಂಟೆಗೆ ಎಷ್ಟು ಹುಂಜ ಬಿಟ್ಟಿದ್ದೀರಿ, ಮೊಟ್ಟೆ ಇಟ್ಟು ಎಷ್ಟು ದಿನವಾಯಿತು, ಹಿಂಡಿಗೆ ಯಾವ ಲಸಿಕೆ ಹಾಕಿಸಿದ್ದೀರಿ. ತಮ್ಮನ್ನೂ ಎರಡು ಮಾತು ಕೇಳಿಕೊಳ್ಳಲಿ: ೨೧ ದಿನ ಮನೆಯಲ್ಲಿ ಯಾರಾದರೂ ಇರುತ್ತಾರೆಯೇ, ಹುಟ್ಟುವುದರಲ್ಲಿ ಅರ್ಧ ಹುಂಜವಾದರೆ ಅವನ್ನು ಏನು ಮಾಡುವುದು? ಈ ಐದಕ್ಕೂ ಉತ್ತರ ದೊರೆತ ಮೇಲೆ ಸಾಸಿವೆ ಡಬ್ಬಿಯ ಮುಚ್ಚಳ ತೆಗೆಯಬಹುದು.