ಜೊಲ್ಲಿನ ಪರೀಕ್ಷೆ ಹೇಳುವದೆಷ್ಟು?



ಸೊಲ್ಲಾಪುರದ ಅಡತಿ ವ್ಯಾಪಾರಸ್ಥರೂ ಅಕ್ಕಲಕೋಟೆ ಭಾಗದ ಒಕ್ಕಲು ಮನೆತನದವರೂ ಶ್ರೀಮಠಕ್ಕೆ ಬಂದಾಗ ಈಚೆಗೆ ಒಂದು ಮಾತು ಕೇಳುತ್ತಿರುವರು: ಗಾಂಜಾ ಸೇದಿದ್ದು ಬಾಯಿಯ ಜೊಲ್ಲಿನಿಂದ ಗೊತ್ತಾಗುವದೇ? ಗೊತ್ತಾಗುವದು. ಆದರೆ ಎಷ್ಟರ ಮಟ್ಟಿಗೆ ಎಂಬುದನ್ನು ಅರಿಯದೆ ಮಗನ ಮೇಲಾಗಲಿ, ಟ್ರಕ್ಕಿನ ಡ್ರೈವರನ ಮೇಲಾಗಲಿ ಕಳಂಕ ಹೊರಿಸಬಾರದು.

ಭಕ್ತರ ಅಂಜಿಕೆ ಸುಳ್ಳಲ್ಲ. ಆಂಧ್ರ–ಒಡಿಶಾ ಗಡಿಯ ಗಾಂಜಾ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯಲ್ಲಿ ಸಿಕ್ಕಿಬಿದ್ದ ಪ್ರಕರಣಗಳುಂಟು. ನೆರೆಯ ಕಲಬುರಗಿ ಜಿಲ್ಲೆಯ ಕಾಳಗಿ ತಾಲೂಕಿನಲ್ಲಿ 2020ರ ಸೆಪ್ಟೆಂಬರದಲ್ಲಿ ಬೆಂಗಳೂರು ಪೊಲೀಸರು ಸಾವಿರ ಕಿಲೋಕ್ಕೂ ಮಿಕ್ಕಿ ಹಿಡಿದರು.

ಗಾಂಜಾದಲ್ಲಿ ಅಮಲೇರಿಸುವ ವಸ್ತುವಿಗೆ ಟಿ.ಎಚ್.ಸಿ. ಎನ್ನುವರು. ಸೇದಿದಾಗ ಹೊಗೆಯೊಳಗಿನ ಆ ವಸ್ತು ನಾಲಿಗೆ, ಒಸಡು, ಗಲ್ಲದ ಒಳಮೈಗೆ ಅಂಟಿ ಜೊಲ್ಲಿನಲ್ಲಿ ಬೆರೆಯುವದು. ರಕ್ತದಿಂದ ಜೊಲ್ಲಿಗೆ ಇಳಿಯುವದು ತೀರ ಕಡಿಮೆ. ಆದ್ದರಿಂದ ಈ ಪರೀಕ್ಷೆ ಸಾಮಾನ್ಯವಾಗಿ ಹಿಂದಿನ ಒಂದು ದಿನದ ಸಂಗತಿಯನ್ನಷ್ಟೇ ಹೇಳುವದು. ನಿತ್ಯ ಸೇದುವವರಲ್ಲಿ ಇನ್ನೂ ತುಸು ಹೆಚ್ಚು. ಮೂತ್ರ ಪರೀಕ್ಷೆಯ ರೀತಿ ಬೇರೆ. ಟಿ.ಎಚ್.ಸಿ. ದೇಹದ ಕೊಬ್ಬಿನಲ್ಲಿ ಕೂಡಿಕೊಂಡು ಮೆಲ್ಲಗೆ ಹೊರಬೀಳುವದರಿಂದ ಒಮ್ಮೆ ಸೇದಿದವನಲ್ಲಿ ಕೆಲವು ದಿನ, ಚಟದವನಲ್ಲಿ ತಿಂಗಳವರೆಗೂ ಅದರ ಸುಳಿವು ಸಿಗುವದು. ಡ್ರೈವರನು ನಿನ್ನೆ ರಾತ್ರಿ ಸೇದಿದ್ದನೇ ಎಂಬುದಕ್ಕೆ ಜೊಲ್ಲು ಸರಿ. ಹುಡುಗನು ಚಟಕ್ಕೆ ಬಿದ್ದಿರುವನೇ ಎಂಬುದಕ್ಕೆ ಅದು ಸಾಲದು.

ಜೊಲ್ಲು ಕೊಡುವ ಮೊದಲು ಹತ್ತು ನಿಮಿಷವಾದರೂ ಬಾಯಲ್ಲಿ ಎಲೆಯಡಿಕೆ, ತಂಬಾಕು, ಚಹಾ ಏನೂ ಇರಬಾರದು. ನಮ್ಮ ಕಡೆಯವರಿಗೆ ಇದೇ ಕಠಿಣ! ಬಳಿಕ ಅರಳೆಯಂಥ ಪಟ್ಟಿಯನ್ನು ಬಾಯೊಳಗೆ ಇಟ್ಟು ನೆನೆಸುವರು. ಗಾಂಜಾ ಸೇದಿದವನ ಬಾಯಿ ಒಣಗುವದರಿಂದ ಅದು ನೆನೆಯಲು ಹೊತ್ತು ಹಿಡಿಯುವದು.

ಸ್ಥಳದಲ್ಲಿಯೇ ನೋಡುವ ಕಿಟ್‌ನಲ್ಲಿ ಬಹಳ ಜನ ಮೋಸಹೋಗುವರು. ಇಂಥ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಗಾಂಜಾದ ಗೆರೆ ಮೂಡಿದರೆ ‘ಇಲ್ಲ’ ಎಂದರ್ಥ, ಮೂಡದಿದ್ದರೆ ‘ಇದೆ’ ಎಂದರ್ಥ. ಗೆರೆ ಮಸುಕಾಗಿದ್ದರೂ ‘ಇಲ್ಲ’ವೇ. ಕಿಟ್ ಸರಿಯಿದೆಯೆಂದು ತೋರಿಸುವ ಇನ್ನೊಂದು ಗೆರೆ ಮೂಡದಿದ್ದರೆ ಆ ಪರೀಕ್ಷೆಯೇ ರದ್ದು. ಬಸಿರಿನ ಪರೀಕ್ಷೆಯ ರೂಢಿಯಲ್ಲಿ ಇದನ್ನು ಓದಿದರೆ ನಿರಪರಾಧಿಯೇ ಕಳ್ಳನಾಗುವನು.

ಕಿಟ್ ‘ಇದೆ’ ಎಂದರೂ ಅದು ಸಂಶಯ ಮಾತ್ರ. ಪ್ರಯೋಗಾಲಯದಲ್ಲಿ ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರದಿಂದ ಖಚಿತಪಡಿಸಬೇಕು. ಅದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲನ್ನೂ ಗುರುತಿಸುವದು. ಮುಚ್ಚಿದ ಕೋಣೆಯಲ್ಲಿ ಸೇದುವವರ ಮಗ್ಗುಲು ಕುಳಿತವನ ಬಾಯಲ್ಲಿಯೂ ಸ್ವಲ್ಪ ಹೊತ್ತು ಟಿ.ಎಚ್.ಸಿ. ಸಿಕ್ಕೀತು, ದೇಹದೊಳಗೆ ಹೋದ ಮೇಲೆಯೇ ಆಗುವ ಅದರ ಬದಲಾದ ರೂಪವನ್ನು ಹುಡುಕಿದರೆ ಆ ಸಂಶಯ ಬಹುಮಟ್ಟಿಗೆ ನಿವಾರಣೆಯಾಗುವದು.

ಶಿವರಾತ್ರಿಯ ಭಂಗಿಯ ಮಾತನ್ನೂ ಕೆಲವರು ಎತ್ತುವರು. 1985ರ ಮಾದಕ ವಸ್ತು ಕಾಯ್ದೆಯ ಗಾಂಜಾ ವ್ಯಾಖ್ಯೆಯಲ್ಲಿ ಬರೀ ಎಲೆ ಸೇರಿಲ್ಲ ನಿಜ. ಆದರೆ ಪರೀಕ್ಷೆಗೆ ಎಲೆಯೂ ಒಂದೇ, ಹೂವೂ ಒಂದೇ. ಶಿವನ ಹೆಸರಿನಲ್ಲಿ ಚಿಲುಮೆ ಹಚ್ಚುವ ನೆವ ಇಷ್ಟಲಿಂಗ ಕಟ್ಟಿದವರಿಗೆ ಸಲ್ಲದು.

ಹುಡುಗನು ಸೇದಿದ್ದು ಖಚಿತವಾದರೆ ಹೊಡೆದು ಮನೆಬಿಡಿಸಬೇಡಿರಿ. ಗಾಂಜಾ ಸೇವನೆಗೆ ಅದೇ ಕಾಯ್ದೆಯ 27ನೇ ಕಲಮಿನಂತೆ ಆರು ತಿಂಗಳವರೆಗೆ ಸಜೆ, ಇಲ್ಲವೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ ಉಂಟು. ಆದರೆ ಚಟಕ್ಕೆ ಬಿದ್ದವನು ತಾನಾಗಿ ಸರಕಾರ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಚಿಕಿತ್ಸೆಗೆ ಸೇರಿ ಅದನ್ನು ಪೂರೈಸಿದರೆ 64-ಎ ಕಲಮು ಅವನನ್ನು ಖಟ್ಲೆಯಿಂದ ಕಾಯುವದು. ಚಟ ಬಿಡಿಸುವ ಕೇಂದ್ರಗಳ ಬಗ್ಗೆ ವಿಚಾರಿಸಲು ಕೇಂದ್ರ ಸರಕಾರದ ಉಚಿತ ದೂರವಾಣಿ 14446.