ಸ್ತನಭಾರ ಇಳಿಸುವ ಶಸ್ತ್ರಕ್ರಿಯೆ ಮತ್ತು ದೇಹದ ಬೊಜ್ಜು



ಕೆಲವು ಸ್ತ್ರೀಯರಲ್ಲಿ ಸ್ತನಗಳು ಮೈಕಟ್ಟಿನ ಪ್ರಮಾಣವನ್ನು ಮೀರಿ ಬೆಳೆಯುವುದುಂಟು. ಇದರಿಂದ ಕುತ್ತಿಗೆ, ಭುಜ ಮತ್ತು ಬೆನ್ನು ಸದಾ ನೋಯುತ್ತವೆ. ಸ್ತನದ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ಚರ್ಮ ಹುಣ್ಣಾಗುತ್ತದೆ. ಬಗ್ಗಿ ನಾಟಿ ಮಾಡುವ, ಕಳೆ ಕೀಳುವ, ನೀರು ಹೊರುವ ಗೃಹಿಣಿಗೆ ಈ ಭಾರ ದಿನವೂ ಕಾಡುತ್ತದೆ. ಆದರೂ ನಾಚಿಕೆಯಿಂದ ಅನೇಕರು ಪತಿಯ ಬಳಿಯೂ ಇದನ್ನು ಹೇಳಿಕೊಳ್ಳುವುದಿಲ್ಲ.

ಇದಕ್ಕೆ ಶಸ್ತ್ರಕ್ರಿಯೆಯಿಂದ ಪರಿಹಾರವುಂಟು. ಆದರೆ ಅದಕ್ಕೆ ಒಪ್ಪುವ ಮೊದಲು ಪತಿಪತ್ನಿಯರಿಬ್ಬರೂ ಒಂದು ಸಂಗತಿಯನ್ನು ತಿಳಿದಿರಬೇಕು. ದೇಹದಲ್ಲಿ ಬೊಜ್ಜು ಹೆಚ್ಚಿದಷ್ಟೂ ಶಸ್ತ್ರಕ್ರಿಯೆಯ ನಂತರದ ತೊಂದರೆಗಳ ಸಂಭವ ಹೆಚ್ಚುತ್ತದೆ.

ಬೊಜ್ಜನ್ನು ಅಳೆಯುವುದು ಹೇಗೆ?

ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಬೇಕು. 150 ಸೆಂಟಿಮೀಟರ್ ಎತ್ತರ, 70 ಕಿಲೋ ತೂಕವಿರುವ ಮಹಿಳೆಯ ಸೂಚ್ಯಂಕ ಸುಮಾರು 31. ಭಾರತೀಯರಲ್ಲಿ ಇದು 23 ದಾಟಿದರೆ ಅಧಿಕ ತೂಕವೆಂದೂ, 25 ದಾಟಿದರೆ ಬೊಜ್ಜೆಂದೂ ಪರಿಗಣಿಸುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಅಳತೆಯನ್ನು ಮಾಡಿಸಿಕೊಳ್ಳಬಹುದು.

ಬೊಜ್ಜಿನಿಂದ ಗಾಯಕ್ಕೇನು ತೊಂದರೆ?

ಈ ಶಸ್ತ್ರಕ್ರಿಯೆಯಲ್ಲಿ ಹೆಚ್ಚಾದ ಚರ್ಮ, ಕೊಬ್ಬು ಮತ್ತು ಗ್ರಂಥಿಭಾಗವನ್ನು ತೆಗೆದು, ಮೊಲೆತೊಟ್ಟನ್ನು ಮೇಲಕ್ಕೆ ಸರಿಸಿ ಹೊಲಿಯುತ್ತಾರೆ. ಗಾಯ ಕೂಡಬೇಕಾದರೆ ಅಲ್ಲಿಗೆ ರಕ್ತ ಚೆನ್ನಾಗಿ ಹರಿಯಬೇಕು. ಕೊಬ್ಬಿನಲ್ಲಿ ರಕ್ತದ ಓಡಾಟ ಕಡಿಮೆ. ಆದುದರಿಂದ ಬೊಜ್ಜುಳ್ಳವರಲ್ಲಿ ಗಾಯ ನಿಧಾನವಾಗಿ ಮಾಯುತ್ತದೆ. ಕೀವಾಗುವುದು, ನೀರು ತುಂಬುವುದು, ಹೊಲಿಗೆ ಬಿಡುವುದು ಹೆಚ್ಚು. ಉದ್ದದ ಹೊಲಿಗೆ ಕೆಳಮಡಿಕೆಯ ಹೊಲಿಗೆಯನ್ನು ಸೇರುವ ಸ್ಥಳದಲ್ಲಿ ಎಳೆತ ಜಾಸ್ತಿಯಾದ್ದರಿಂದ ಗಾಯ ಅಲ್ಲಿಯೇ ಹೆಚ್ಚಾಗಿ ಬಿಚ್ಚುತ್ತದೆ. ವಿರಳವಾಗಿ ಮೊಲೆತೊಟ್ಟಿಗೆ ರಕ್ತ ಸಾಲದೆ ಅದು ಕಪ್ಪಾಗುವುದೂ ಉಂಟು. ಅರಿವಳಿಕೆಯ ವೇಳೆ ಉಸಿರಾಟದ ತೊಡಕು, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸಹ ಬೊಜ್ಜಿನೊಂದಿಗೆ ಏರುತ್ತವೆ.

ಇದನ್ನೋದಿ ಹೆದರಬೇಕಾಗಿಲ್ಲ. ಇವುಗಳಲ್ಲಿ ಬಹುಪಾಲು ಸಣ್ಣ ತೊಂದರೆಗಳು. ಕ್ರಮವಾಗಿ ಪಟ್ಟಿ ಕಟ್ಟಿಸಿಕೊಂಡರೆ ವಾಸಿಯಾಗುತ್ತವೆ. ದಪ್ಪಗಿರುವುದೊಂದೇ ಕಾರಣಕ್ಕೆ ಯಾರಿಗೂ ಚಿಕಿತ್ಸೆ ನಿಷಿದ್ಧವಲ್ಲ.

ಮುಂಚಿತವಾಗಿ ಮಾಡಬೇಕಾದುದೇನು?

ತೂಕವನ್ನು ನಿಧಾನವಾಗಿ ಇಳಿಸಿರಿ. 70 ಕಿಲೋ ಇರುವವರು 5-7 ಕಿಲೋ ಇಳಿಸಿದರೂ ಸಕ್ಕರೆ ಕಾಯಿಲೆ ಮತ್ತು ರಕ್ತದೊತ್ತಡ ಹತೋಟಿಗೆ ಬರಲು ಸಹಾಯವಾಗುತ್ತದೆ. ಕರಿದ ತಿಂಡಿ, ಸಕ್ಕರೆ, ಬೆಲ್ಲಗಳನ್ನು ತಗ್ಗಿಸಿ. ಮುದ್ದೆ, ಅನ್ನದ ಪ್ರಮಾಣವನ್ನು ಮಿತಗೊಳಿಸಿ, ಸೊಪ್ಪು, ಕಾಳು, ತರಕಾರಿ, ಮಜ್ಜಿಗೆಗಳನ್ನು ಹೆಚ್ಚಿಸಿ. ಉಪವಾಸ ಬೇಡ, ಗಾಯ ಮಾಯಲು ಸತ್ವಯುತ ಆಹಾರ ಅಗತ್ಯ. ದಪ್ಪಗಿರುವವರಲ್ಲೂ ರಕ್ತಹೀನತೆ ಇರಬಹುದಾದ್ದರಿಂದ ರಕ್ತಪರೀಕ್ಷೆ ಮಾಡಿಸಿರಿ. ಬೀಡಿ, ಸಿಗರೇಟು, ಹೊಗೆಸೊಪ್ಪುಗಳನ್ನು ಕನಿಷ್ಠ 4 ವಾರ ಮೊದಲೇ ಬಿಡಬೇಕು. ಪತಿಯೂ ಮನೆಯೊಳಗೆ ಬೀಡಿ ಸೇದಬಾರದು.

ಸ್ತನದಲ್ಲಿ ಗಂಟಿದ್ದರೆ ಅಥವಾ ತೊಟ್ಟಿನಿಂದ ರಕ್ತ ಒಸರಿದರೆ ಮೊದಲು ಅದರ ಪರೀಕ್ಷೆಯಾಗಬೇಕು.

ಕುಟುಂಬ ಯೋಜನೆಗೂ ಇದಕ್ಕೂ ಸಂಬಂಧವೇನು?

ಈ ಶಸ್ತ್ರಕ್ರಿಯೆಯ ಬಳಿಕ ಕೆಲವರಿಗೆ ಎದೆಹಾಲು ಕಡಿಮೆಯಾಗಬಹುದು. ಇನ್ನೂ ಮಗು ಬೇಕೆಂದಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿರಿ. ಮಾಲಾ-ಎನ್‌ನಂತಹ ಗರ್ಭನಿರೋಧಕ ಮಾತ್ರೆಗಳು ರಕ್ತ ಹೆಪ್ಪುಗಟ್ಟುವ ಸಂಭವವನ್ನು ಸ್ವಲ್ಪ ಹೆಚ್ಚಿಸುತ್ತವೆ; ಬೊಜ್ಜೂ ಸೇರಿದರೆ ಅಪಾಯ ಮತ್ತಷ್ಟು. ಮಾತ್ರೆ ಸೇವಿಸುತ್ತಿದ್ದರೆ ಶಸ್ತ್ರಕ್ರಿಯೆಗೆ ಕೆಲವು ವಾರ ಮುಂಚೆಯೇ ವೈದ್ಯರಿಗೆ ಹೇಳಿರಿ. ತಾವಾಗಿಯೇ ನಿಲ್ಲಿಸಿದರೆ ಬಯಸದ ಗರ್ಭ ನಿಲ್ಲಬಹುದು. ವೈದ್ಯರು ನಿಲ್ಲಿಸಲು ಹೇಳಿದಾಗ ನಿರೋಧ್ ಅಥವಾ ಕಾಪರ್-ಟಿ ಬಳಸಬಹುದು.

ಮನೆಗೆ ಬಂದ ಮೇಲೆ

ಸುಮಾರು 4ರಿಂದ 6 ವಾರ ಭಾರ ಎತ್ತಬಾರದು. ನೀರು, ಸೌದೆ, ಮೇವಿನ ಕೆಲಸಗಳನ್ನು ಪತಿ ಮತ್ತು ಮನೆಯವರು ವಹಿಸಿಕೊಳ್ಳಬೇಕು. ಆದರೆ ಸದಾ ಮಲಗಿರದೆ ಮನೆಯಲ್ಲಿ ಓಡಾಡುತ್ತಿರಬೇಕು. ಗಾಯಕ್ಕೆ ಅರಿಶಿನ, ಎಣ್ಣೆ, ಸೊಪ್ಪಿನ ರಸ ಹಚ್ಚಬಾರದು.

ಜ್ವರ, ಕೀವು, ದುರ್ವಾಸನೆ, ಒಂದು ಸ್ತನ ಹಠಾತ್ತನೆ ಊದುವುದು, ತೊಟ್ಟು ಕಪ್ಪಾಗುವುದು, ಒಂದು ಕಾಲಿನ ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು — ಇವುಗಳಲ್ಲಿ ಯಾವುದೇ ಒಂದು ಕಂಡರೂ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಕರೆತನ್ನಿರಿ. ಉಸಿರು ಕಟ್ಟುತ್ತಿದ್ದರೆ ಕೂಡಲೇ 108ಕ್ಕೆ ಕರೆ ಮಾಡಿರಿ.