ಉಸ್ತಾದರ ಕೈಯಲ್ಲಿ ಪುಸ್ತಕವೇಕೆ?

ಗ್ಯಾರೇಜಿನ ಹಿರಿಯ ಮೆಕ್ಯಾನಿಕನನ್ನು ಹುಡುಗರು 'ಉಸ್ತಾದ್' ಎಂದೇ ಕರೆಯುವುದುಂಟು. ಅಂತಹ ಒಬ್ಬ ಉಸ್ತಾದರು ಕಾರಿನ ಎಂಜಿನ್ ಬಿಚ್ಚಿಟ್ಟು, ಎಣ್ಣೆ ಮೆತ್ತಿದ ಸರ್ವಿಸ್ ಮ್ಯಾನುವಲ್‌ನ ಪುಟ ತಿರುವುತ್ತಿದ್ದರು. ಕೆಲಸ ಕಲಿಯುವ ಹುಡುಗ ಕೇಳಿದ: "ಉಸ್ತಾದ್, ಇಪ್ಪತ್ತೈದು ವರ್ಷ ಇದೇ ಕೆಲಸ ಮಾಡಿದ್ದೀರಿ. ಇನ್ನೂ ಪುಸ್ತಕ ಯಾಕೆ?"

"ಕೈಗೆ ಅಭ್ಯಾಸ ಇರುತ್ತದೆ ಮಗಾ, ಲೆಕ್ಕ ಇರುವುದಿಲ್ಲ" ಎಂದರು ಅವರು.

ಈ ಮಾತನ್ನು ತುಸು ಬಿಡಿಸಿ ನೋಡೋಣ.

ಮೊದಲನೆಯದು, ಬಿಗಿತ. 30 ಸೆಂಟಿಮೀಟರ್ ಉದ್ದದ ಪಾನಾದ ತುದಿಯನ್ನು 10 ಕಿಲೋ ಭಾರದಷ್ಟು ಒತ್ತಿದರೆ ಬೋಲ್ಟಿನ ಮೇಲೆ ಸುಮಾರು 30 ನ್ಯೂಟನ್ ಮೀಟರ್ ಟಾರ್ಕ್ ಬೀಳುತ್ತದೆ. ಪಾನಾ ಇಮ್ಮಡಿ ಉದ್ದವಾದರೆ ಟಾರ್ಕ್ ಕೂಡ ಇಮ್ಮಡಿ. ಇದನ್ನು ಕೈಯ ಅಂದಾಜಿನಿಂದ ನಿಖರವಾಗಿ ಹೇಳಲಾಗದು. ಸಿಲಿಂಡರ್ ಹೆಡ್ಡಿನ ಬೋಲ್ಟು ಸಡಿಲವಾದರೆ ಗ್ಯಾಸ್ಕೆಟ್ ಸೋರೀತು, ಅತಿಯಾದರೆ ಥ್ರೆಡ್ ಕಿತ್ತುಹೋದೀತು. ಸಾಮಾನ್ಯವಾಗಿ ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ ಬಿಗಿಯಬೇಕು. ಕೆಲವು ಎಂಜಿನುಗಳಲ್ಲಿ ಬಿಚ್ಚಿದ ಬೋಲ್ಟನ್ನು ಮತ್ತೆ ಹಾಕಲೇಬಾರದು. ಬೋಲ್ಟಿನ ಮುಖ ನೋಡಿದರೆ ಇದು ತಿಳಿಯದು. ಮ್ಯಾನುವಲ್ ನೋಡಿದರೆ ತಿಳಿಯುತ್ತದೆ.

ಎರಡನೆಯದು, ಅಳತೆ. ವಾಲ್ವಿನ ಸಂದು ಮಿಲಿಮೀಟರಿನ ಒಂದು ಸಣ್ಣ ಭಾಗ ಮಾತ್ರ. ಅದು ತೀರಾ ಕಡಿಮೆಯಾದರೆ ವಾಲ್ವು ಪೂರ್ತಿ ಮುಚ್ಚದೆ ಸುಟ್ಟುಹೋಗಬಹುದು. ಎಷ್ಟಿರಬೇಕು, ಎಂಜಿನ್ ತಣ್ಣಗಿರುವಾಗ ಅಳೆಯಬೇಕೋ ಬಿಸಿಯಿರುವಾಗಲೋ ಎಂಬುದು ಎಂಜಿನಿನಿಂದ ಎಂಜಿನಿಗೆ ಬೇರೆ.

ಮೂರನೆಯದು, ಬ್ರೇಕು. ಬ್ರೇಕ್ ಫ್ಲೂಯಿಡ್ ಹಾಕುವಲ್ಲಿ ಎಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಉಬ್ಬಿ ಕೆಡುತ್ತವೆ. ಇಲ್ಲಿ ತಪ್ಪಿಗೆ ಬೆಲೆ ತೆರುವುದು ಜೀವ.

ನಾಲ್ಕನೆಯದು, ಕಾಲದ ಬದಲಾವಣೆ. 2020ರ ಏಪ್ರಿಲ್‌ನಲ್ಲಿ ಭಾರತದಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ಹೊಸ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಸ್ಕ್ಯಾನರ್ ತೋರಿಸುವ ಕೋಡ್ ದೋಷದ ಸುಳಿವು ಕೊಡುತ್ತದೆ, ತೀರ್ಪನ್ನಲ್ಲ. ಬಳಿಕ ಯಾವ ತಂತಿಯನ್ನು ಪರೀಕ್ಷಿಸಬೇಕೆಂದು ಮ್ಯಾನುವಲ್ ಕ್ರಮವಾಗಿ ಹೇಳುತ್ತದೆ. ಅದನ್ನು ಬಿಟ್ಟವನು ಸರಿಯಿದ್ದ ಸೆನ್ಸರನ್ನೇ ಬದಲಿಸಿ ಗಿರಾಕಿಯ ಹಣ ಹಾಳು ಮಾಡುತ್ತಾನೆ.

ಹಾಗಾದರೆ ಪುಸ್ತಕವೊಂದೇ ಸಾಕೇ? ಸಾಲದು. ತುಕ್ಕು ಹಿಡಿದ ಬೋಲ್ಟನ್ನು ಮುರಿಯದೆ ತೆಗೆಯುವ ಹದ ಉಸ್ತಾದರ ಬಳಿ ನಿಂತೇ ಕಲಿಯಬೇಕು. ಪುಸ್ತಕ ಅಳತೆ ಕೊಡುತ್ತದೆ, ಗುರು ಹದ ಕೊಡುತ್ತಾನೆ.

ಗಾಡಿ ಬಿಟ್ಟುಹೋದವನು ಸಂಜೆ ಅದರಲ್ಲೇ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಹೋಗುತ್ತಾನೆ. ಒಳಗಿನ ಬೋಲ್ಟು ಎಷ್ಟು ಬಿಗಿಯಾಗಿದೆಯೆಂದು ಅವನು ನೋಡಲಾರ. ನಂಬಿ ಒಪ್ಪಿಸಿದ ಆ ಗಾಡಿ ಒಂದು ಅಮಾನತು. ಅದರ ಮುಂದೆ 'ಸುಮಾರಾಗಿ ಸರಿಯಿದೆ' ಎನ್ನುವುದಕ್ಕಿಂತ, ಕೈ ಒರೆಸಿಕೊಂಡು ಪುಟ ತೆರೆಯುವುದು ಲೇಸು.